ಯಾರ ಕಿವಿಗೆ ಇಷ್ಟ?

ಡ್ರಮ್ ಕಿಟ್‌ಗೆ ಸಿಂಬಲ್ ಕೊಳ್ಳಬೇಕು, ಯಾವುದು ತಗೊಳ್ಳಲಿ ಅಂತ ಯಾರನ್ನಾದರೂ ಕೇಳಿ ನೋಡಿ. ಅಂಗಡಿಯವರು, ಯೂಟ್ಯೂಬಿನ ವಿಮರ್ಶಕರು, ಹತ್ತು ವರ್ಷದಿಂದ ಬಾರಿಸುತ್ತಿರುವ ಸೀನಿಯರ್‌ಗಳು, ಎಲ್ಲರೂ ಅರ್ಧ ಗಂಟೆ ಮಾತಾಡಿ ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ: "ಅದು ಪರ್ಸನಲ್ ಚಾಯ್ಸ್ ಗುರು. ನಿನ್ನ ಕಿವಿಗೆ ಯಾವುದು ಹಿತ ಅನ್ಸತ್ತೋ ಅದನ್ನೇ ತಗೋ."

ಕೇಳೋಕೆ ಚೆಂದದ ಮಾತು. ಯಾರ ಮನಸ್ಸಿಗೂ ನೋವಾಗಲ್ಲ, ಯಾರಿಗೂ ಜವಾಬ್ದಾರಿ ಬರಲ್ಲ. ನಾನೂ ಇದನ್ನ ನಂಬಿದ್ದೆ. ನಂಬಿ 18 ಇಂಚಿನ ಒಂದು ಕ್ರ್ಯಾಶ್ ಮನೆಗೆ ತಂದೆ. ಆಮೇಲೆ ಆದದ್ದನ್ನ ನೋಡಿದ ಮೇಲೆ ಈ ಸಲಹೆಯ ಮೇಲೆ ನನಗೆ ತಕರಾರು ಹುಟ್ಟಿದೆ. ಅದನ್ನೇ ಇಲ್ಲಿ ಬರೀತಿದೀನಿ.

ಬೆಂಗಳೂರಿನ ಅಂಗಡಿಯಲ್ಲಿ ಸಿಂಬಲ್ ನೋಡೋಕೆ ಒಂದು ಗಾಜಿನ ಕೋಣೆ ಇರುತ್ತೆ. ಒಳಗೆ ಹೋದರೆ ಹೊರಗಿನ ಸದ್ದು ಬರಲ್ಲ. ಸ್ಟ್ಯಾಂಡ್ ಮೇಲೆ ಎಂಟ್ಹತ್ತು ತಟ್ಟೆ, ಕೈಯಲ್ಲಿ ಒಂದು ಸ್ಟಿಕ್. ಒಂದೊಂದಕ್ಕೂ ಒಂದೊಂದು ಏಟು ಹಾಕಿ ಕೇಳೋದು. ಹೀಗೆ ಕೇಳಿದಾಗ ಗೆಲ್ಲೋದು ಯಾವಾಗಲೂ ಮಿಂಚಿನಂತೆ ಬಂದು ಉದ್ದಕ್ಕೆ ಹರಡುವ ದನಿ. ಮಂದವಾದದ್ದು, ಬೇಗ ಆರಿಹೋಗುವುದು, ಸ್ವಲ್ಪ ಮಣ್ಣುಮಣ್ಣು ಅನ್ನಿಸುವುದು, ಇವೆಲ್ಲ ಆ ಕೋಣೆಯಲ್ಲಿ ಬಡಪಾಯಿಗಳು. ನನ್ನ ಕಿವಿಗೂ ಮಿಂಚೇ ಇಷ್ಟವಾಯಿತು. ಸುಳ್ಳಲ್ಲ, ನಿಜವಾಗಿ ಇಷ್ಟವಾಯಿತು.

ಆ ಕ್ರ್ಯಾಶ್ ಮೊದಲು ಸ್ಟೇಜ್ ಹತ್ತಿದ್ದು ನಮ್ಮ ಆಫೀಸ್ ಬ್ಯಾಂಡಿನ ಜೊತೆ. ನಾವು ಐದು ಜನ. ಹಾಡುವವಳು ಟೆಸ್ಟಿಂಗ್ ಟೀಮಿನ ಒಬ್ಬ ಹುಡುಗಿ. ಶಿಶುನಾಳ ಶರೀಫರ ಒಂದು ತತ್ವಪದ ಆರಿಸಿದ್ದೆವು. ಪ್ರತಿ ಪಲ್ಲವಿ ಬಂದಾಗ ನಾನು ಮನಸಾರೆ ಕ್ರ್ಯಾಶ್ ಬಾರಿಸಿದೆ. ಚಪ್ಪಾಳೆ ಬಿತ್ತು. ರಾತ್ರಿ ಖುಷಿಯಿಂದ ಆ ವಿಡಿಯೋವನ್ನ ಊರಿಗೆ, ಕೌಜಲಗಿಗೆ, ನಮ್ಮ ದೊಡ್ಡಪ್ಪನಿಗೆ ಕಳಿಸಿದೆ. ಅವರು ಗುಡಿಯ ಭಜನಿಯಲ್ಲಿ ತಾಳ ಹಾಕುವವರು. ಬೆಳಿಗ್ಗೆ ಫೋನ್ ಬಂತು.

"ತಮ್ಮಾ, ಪದ ಯಾವುದೋ ಅದು?"

"ಶರೀಫ್ ಸಾಹೇಬರದು, ದೊಡ್ಡಪ್ಪ. ನಿಮಗ ಗೊತ್ತಿರೋದ ಐತಿ."

"ಗೊತ್ತಿರೋದ ಅಂತೀ, ಗುರ್ತ ಹತ್ತವಲ್ದು. ಆ ಹುಡುಗಿ ಬಾಯಿ ತಗದಾಗೊಮ್ಮೆ ತಗಡಿನ ಮ್ಯಾಲ ಮಳಿ ಹೊಡದಂಗ ಆಗತೈತಿ."

ವಿಡಿಯೋ ಮತ್ತೆ ಹಾಕಿ ನೋಡಿದೆ. ಅವರು ಹೇಳಿದ್ದು ಅಕ್ಷರಶಃ ಸರಿ. ಅವಳ ತುಟಿ ಆಡ್ತಿದೆ, ಮಾತು ಇಲ್ಲ. ಹಿಂದಿನ ರಾತ್ರಿ ಇದೇ ವಿಡಿಯೋವನ್ನ ನಾನು ನಾಲ್ಕು ಸಲ ನೋಡಿದ್ದೆ, ನಾಲ್ಕೂ ಸಲ ನನ್ನ ಕ್ರ್ಯಾಶ್ ಮಾತ್ರ ಕೇಳಿಸಿಕೊಂಡಿದ್ದೆ. ಮುಂದಿನ ಪ್ರಾಕ್ಟೀಸ್‌ಗೆ ಆ ಹುಡುಗಿ ಬರಲಿಲ್ಲ. ರಿಲೀಸ್ ಇದೆ ಅಂದಳು. ಅದರ ಮುಂದಿನ ವಾರವೂ ರಿಲೀಸ್ ಇತ್ತು.

ಇದಕ್ಕೆ ಕಾರಣ ಏನು ಅಂತ ಆಮೇಲೆ ಓದಿದೆ. ನಾವು ಆಡುವ ಮಾತಿನಲ್ಲಿ ಸ್ವರಗಳ ಬಲ ಕೆಳಗಿನ ಆವರ್ತನಗಳಲ್ಲಿ ಇರುತ್ತೆ. ಆದರೆ ಒಂದು ಪದವನ್ನ ಇನ್ನೊಂದರಿಂದ ಬೇರೆ ಮಾಡಿ ತೋರಿಸೋದು ಸ, ಶ, ಚ, ತ ಥರದ ವ್ಯಂಜನಗಳು. ಅವುಗಳ ಸದ್ದು ಬಹುಪಾಲು 2000 ಹರ್ಟ್ಸ್‌ಗಿಂತ ಮೇಲೆ ಇರುತ್ತೆ. ಸಿಂಬಲ್ಲಿನ ಹರಡುವ ಸದ್ದು ಕೂಡ ಜೋರಾಗಿ ಕೂತಿರೋದು ಅಲ್ಲೇ. ಎರಡೂ ಒಂದೇ ಹೊತ್ತಿಗೆ ಬಂದರೆ ಬಲವಾದದ್ದು ಇನ್ನೊಂದನ್ನ ಮುಚ್ಚುತ್ತೆ. ಅಂದರೆ ಕ್ರ್ಯಾಶ್ ಹಾಡಿನ ರಾಗವನ್ನ ಅಷ್ಟಾಗಿ ಕೆಡಿಸಲ್ಲ, ಅರ್ಥವನ್ನ ಅಳಿಸುತ್ತೆ. ಇಂಗ್ಲಿಷ್ ರಾಕ್ ಹಾಡಿನಲ್ಲಿ ನಾಲ್ಕು ಮಾತು ಹೋದರೆ ಕೇಳುವವರಿಗೆ ತಲೆಬಿಸಿ ಇಲ್ಲ. ತತ್ವಪದದಲ್ಲಿ ಮಾತೇ ಹೋದರೆ ಉಳಿಯೋದೇನು?

ಹಾಗಾಗಿ ನನ್ನ ಮೊದಲ ತಕರಾರು ಇದು. "ನಿನ್ನ ಕಿವಿಗೆ ಇಷ್ಟವಾದದ್ದು" ಅನ್ನುವ ಮಾತಿನಲ್ಲಿ ಕೇಳುವವನು ಒಬ್ಬನೇ ಇದ್ದಾನೆ, ಗಾಜಿನ ಕೋಣೆಯಲ್ಲಿ ಇದ್ದ ಹಾಗೆ. ಪಕ್ಕದಲ್ಲಿ ಹಾಡುವವಳು ಇಲ್ಲ, ಎದುರು ಕೂತವರು ಇಲ್ಲ, ಗೋಡೆಯೂ ಇಲ್ಲ. ಬೆಂಗಳೂರಿನ ಪಬ್ಬುಗಳು ನೋಡಿದ್ದೀರಲ್ಲ: ಗಾಜು, ಕಾಂಕ್ರೀಟು, ಕಬ್ಬಿಣ. ಸದ್ದು ಹೀರಿಕೊಳ್ಳೋಕೆ ಒಂದು ಪರದೆ ಕೂಡ ಇರಲ್ಲ. ಅಂಥ ಜಾಗದಲ್ಲಿ ಮಿಂಚುವ ಸಿಂಬಲ್ ಬಾರಿಸೋದು ನನ್ನ ಸ್ವಂತ ವಿಷಯ ಅಲ್ಲ. ನಾಲ್ಕನೇ ಟೇಬಲ್ಲಿನವನ ವಿಷಯವೂ ಹೌದು.

ನಮ್ಮ ಕಡೆ ತಾಳ ಹಾಕುವವರನ್ನ ನೋಡಿದರೆ ಈ ಮಾತು ಬೇಗ ಅರ್ಥ ಆಗುತ್ತೆ. ಕೌಜಲಗಿ ಅಂದರೆ ಕಲೆಯ ಬಗ್ಗೆ ಗೊತ್ತಿರುವವರಿಗೆ ಮೊದಲು ನೆನಪಾಗೋದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಕೃತಿ, ಅದನ್ನ ಆಟವಾಗಿ ಬೆಳೆಸಿದ್ದು ಪಕ್ಕದ ಕುಲಗೋಡದ ತಮ್ಮಣ್ಣ, ಊರೂರು ತಿರುಗಿ ಜನರ ಬಾಯಲ್ಲಿ ಉಳಿಸಿದ್ದು ಕೌಜಲಗಿ ನಿಂಗಮ್ಮ. ಗಂಡಸರು ಹೆಣ್ಣು ವೇಷ ಹಾಕುತ್ತಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಮೇಳ ಕಟ್ಟಿ ನಿಂತಳು ಅನ್ನೋದು ನಮ್ಮ ಊರಿನ ಹೆಮ್ಮೆ. ಆ ಆಟದಲ್ಲಿ ಹಿಮ್ಮೇಳ ಅಂದರೆ ಪೇಟಿ, ತಬಲಾ, ತಾಳ. ರಾತ್ರಿಯಿಡೀ ನಡೆಯುವ ಆಟ. ಬಯಲಿನಲ್ಲಿ ಕೊನೆಗೆ ಕೂತ ಮುದುಕಿಗೂ ದೂತಿ ಆಡಿದ ಚಾಷ್ಟಿ ಮಾತು ಕೇಳಬೇಕು, ಇಲ್ಲಾಂದ್ರೆ ನಗು ಬರಲ್ಲ. ತಾಳದವನು ತನ್ನ ಖುಷಿಗೆ ಬಾರಿಸಿದರೆ ಆಟವೇ ಕೆಡುತ್ತೆ.

ದೊಡ್ಡಪ್ಪನ ತಾಳದ ಜೋಡಿಯಲ್ಲಿ ಎರಡು ತಟ್ಟೆಗಳ ದನಿ ಒಂದೇ ಅಲ್ಲ. ಒಂದು ತುಸು ತಗ್ಗು, ಒಂದು ತುಸು ಏರು. ಎರಡೂ ಅಂಚಿಗೆ ಅಂಚು ತಾಗಿದಾಗ ದನಿ ಅಲೆಅಲೆಯಾಗಿ ಬರುತ್ತೆ. ಪೂರ್ತಿ ಮುಚ್ಚಿ ಹೊಡೆದರೆ "ಛಿಕ್" ಅಂತ ಅಲ್ಲೇ ನಿಲ್ಲುತ್ತೆ. ಹಾಡುವವರು ಸಾಲು ಎತ್ತುವಾಗ ಅವರು ಮುಚ್ಚಿ ಹೊಡೀತಾರೆ. ಸಾಲು ಮುಗಿದು ಎಲ್ಲರೂ ದನಿ ಕೂಡಿಸುವಾಗ ಬಿಚ್ಚಿ ಹೊಡೀತಾರೆ. ಚಿಕ್ಕವನಿದ್ದಾಗ ನನ್ನ ಕೈಗೆ ತಾಳ ಕೊಟ್ಟು ಹೇಳಿದ್ದು ಒಂದೇ ಪಾಠ: "ಕೈ ನೋಡಬ್ಯಾಡ, ಹಾಡೋರ ಬಾಯಿ ನೋಡು." ಆಗ ಅದು ಬರೀ ಗದರಿಕೆ ಅನ್ನಿಸಿತ್ತು.

ಡ್ರಮ್ ಕಿಟ್ಟಿನಲ್ಲಿ ಈ ಕೆಲಸ ಮಾಡೋದು ಕ್ರ್ಯಾಶ್ ಅಲ್ಲ, ಹೈ-ಹ್ಯಾಟ್. ಅದು ಕಾಲಿಗೆ ಕಟ್ಟಿದ ತಾಳವೇ. ಎರಡು ತಟ್ಟೆ, ಒಂದು ಪೆಡಲ್. ಸಾಮಾನ್ಯವಾಗಿ ಮೇಲಿನದು ಹಗುರ, ಕೆಳಗಿನದು ಭಾರ. ಅದೂ ಒಂದೇ ದನಿಯ ಜೋಡಿಯಲ್ಲ, ದೊಡ್ಡಪ್ಪನ ತಾಳದ ಹಾಗೇ. 1920ರ ದಶಕದಲ್ಲಿ ಅಮೆರಿಕದಲ್ಲಿ ನೆಲಮಟ್ಟದಲ್ಲಿದ್ದ ಪುಟ್ಟ ಜೋಡಿಯೊಂದು ಮೇಲೆದ್ದು ಕೈಗೆ ಸಿಗುವ ಎತ್ತರಕ್ಕೆ ಬಂತು. 1930ರ ದಶಕದಲ್ಲಿ ಕೌಂಟ್ ಬೇಸಿ ತಂಡದ ಜೋ ಜೋನ್ಸ್ ಲಯ ನಡೆಸುವ ಕೆಲಸವನ್ನ ದೊಡ್ಡ ಡ್ರಮ್ಮಿನಿಂದ ಎತ್ತಿ ಹೈ-ಹ್ಯಾಟಿಗೆ ಕೊಟ್ಟ. ಆಮೇಲೆ ಕೆನಿ ಕ್ಲಾರ್ಕ್ ಅದನ್ನ ರೈಡ್ ಸಿಂಬಲ್ಲಿಗೆ ದಾಟಿಸಿದ. ಲಯ ಅನ್ನೋದು ಏಟಿನ ಬಲದಿಂದ ಕಂಚಿನ ಹಗುರಕ್ಕೆ ಬಂದದ್ದು ಹೀಗೆ. ಆದರೆ ಇವತ್ತು ಕಿಟ್ ಕಟ್ಟುವ ನಮ್ಮ ಹುಡುಗರನ್ನ ನೋಡಿ. ಕಿಟ್ ಜೊತೆ ಬಂದ ಹೈ-ಹ್ಯಾಟ್ ಹಾಗೇ ಇಟ್ಟುಕೊಂಡು ಮೊದಲ ಬೋನಸ್ಸಿಗೆ ಕ್ರ್ಯಾಶ್ ಕೊಳ್ತಾರೆ. ಹಾಡಿನ ಉದ್ದಕ್ಕೂ ಬಾರಿಸೋದು ಹೈ-ಹ್ಯಾಟು, ದುಡ್ಡು ಹಾಕೋದು ನಾಲ್ಕು ಸಲ ಹೊಡೆಯುವ ಕ್ರ್ಯಾಶಿಗೆ. ಫೋಟೋದಲ್ಲಿ ಕಾಣೋದು ಅದೇ ತಾನೇ.

ಎರಡನೇ ತಕರಾರು ದುಡ್ಡಿನದು. "ನಿನ್ನ ಇಷ್ಟ" ಅಂತ ಹೇಳುವವರು ಬೆಲೆಯ ಮಾತು ತೆಗೆಯಲ್ಲ. ಒಳ್ಳೆಯ ಸಿಂಬಲ್ ಬಹುತೇಕ ಬಿ20 ಅನ್ನುವ ಕಂಚು: 80 ಪಾಲು ತಾಮ್ರ, 20 ಪಾಲು ತವರ. ತವರ ಇಷ್ಟು ಹೆಚ್ಚಾದರೆ ಲೋಹ ಪೆಡಸಾಗುತ್ತೆ, ತಣ್ಣಗಿದ್ದಾಗ ಬಡಿದರೆ ಒಡೆಯುತ್ತೆ. ಅದಕ್ಕೆ ಎರಕ ಹೊಯ್ದು, ಬಿಸಿಯಲ್ಲೇ ಲಟ್ಟಿಸಿ, ಕೆಂಪಗೆ ಕಾದದ್ದನ್ನ ನೀರಿಗೆ ಅದ್ದಿ, ಆಮೇಲೆ ಸುತ್ತಿಗೆ ಏಟು ಹಾಕ್ತಾರೆ. ಕೈಕೆಲಸ ಹೆಚ್ಚು, ಬೆಲೆ ಹೆಚ್ಚು. ಬಿ8 ಅಂದರೆ 92 ಪಾಲು ತಾಮ್ರ, 8 ಪಾಲು ತವರ. ತಗಡಾಗಿ ಸಿಗುತ್ತೆ, ಕತ್ತರಿಸಿ ಅಚ್ಚು ಒತ್ತಬಹುದು, ಅಗ್ಗ. ಅದಕ್ಕೂ ಕೆಳಗೆ ಹಿತ್ತಾಳೆ, ತಾಮ್ರಕ್ಕೆ ಸತು ಬೆರೆಸಿದ್ದು. ಹೊಸಬರ ಕಿಟ್ ಜೊತೆ ಬರೋದು ಹೆಚ್ಚಾಗಿ ಇದು. ಅದನ್ನಷ್ಟೇ ಬಾರಿಸಿ ಬೆಳೆದವನ "ಇಷ್ಟ" ಯಾವುದು? ಕೇಳದೇ ಇದ್ದದ್ದನ್ನ ಇಷ್ಟಪಡೋಕೆ ಆಗಲ್ಲವಲ್ಲ.

ಹಾಗಂತ ದುಬಾರಿಯದೇ ಸರಿ ಅನ್ನೋದೂ ತಪ್ಪು. ಪೈಸ್ಟೆ ಕಂಪನಿ 1971ರಲ್ಲಿ ತಂದ 2002 ಸರಣಿ ಬಿ8 ಲೋಹದ್ದೇ. ಲೆಡ್ ಝೆಪೆಲಿನ್‌ನ ಜಾನ್ ಬಾನಮ್ ಬಾರಿಸಿದ್ದು ಅದನ್ನ. "ಬಿ8 ಅಂದ್ರೆ ಕಲಿಯೋರಿಗೆ" ಅಂತ ಮೂಗು ಮುರಿಯುವವರು ಬಾನಮ್ ಹೆಸರು ಬಂದಾಗ ಕೈ ಮುಗೀತಾರೆ. ಇನ್ನೊಂದು ಕಡೆ ಝಿಲ್ಜಿಯನ್ 1623ರಲ್ಲಿ ಇಸ್ತಾಂಬುಲ್ಲಿನಲ್ಲಿ ಶುರುವಾದ ಮನೆತನ. ಆ ಊರಿನ ಕೈಕೆಲಸ ಇವತ್ತಿಗೂ ನಿಂತಿಲ್ಲ. ಅಲ್ಲಿ ಇಸ್ತಾಂಬುಲ್ ಅಂತ ಇದ್ದ ಒಂದೇ ಕಂಪನಿ 1996ರಲ್ಲಿ ಅಗೊಪ್, ಮೆಹ್ಮೆತ್ ಅಂತ ಎರಡಾಯಿತು. ಕೈಯಲ್ಲಿ ಬಡಿದ ಒಂದೇ ಮಾದರಿಯ ಎರಡು ತಟ್ಟೆ ಪಕ್ಕಪಕ್ಕ ಇಟ್ಟರೆ ದನಿ ಬೇರೆ ಬೇರೆ. ಆನ್‌ಲೈನ್ ವಿಡಿಯೋದಲ್ಲಿ ಕೇಳಿ ಕಾರ್ಟಿಗೆ ಹಾಕುವವರಿಗೆ ಮನೆಗೆ ಬರೋದು ವಿಡಿಯೋದ ತಟ್ಟೆ ಅಲ್ಲ, ಅದರ ದಾಯಾದಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇಷ್ಟ ಅನ್ನೋದು ಕೊಳ್ಳುವ ಹೊತ್ತಿಗೆ ನಮ್ಮೊಳಗೆ ಸಿದ್ಧವಾಗಿ ಕೂತಿರಲ್ಲ. ಮೈಲ್ಸ್ ಡೇವಿಸ್ ತಂಡ 1967ರಲ್ಲಿ ರೆಕಾರ್ಡ್ ಮಾಡಿದ "ನೆಫರ್‌ಟಿಟಿ" ಕೇಳಿ. ಊದುವವರಿಬ್ಬರೂ ಒಂದೇ ರಾಗದ ಸಾಲನ್ನ ಮತ್ತೆ ಮತ್ತೆ ಊದ್ತಾ ಹೋಗ್ತಾರೆ, ಅವರಲ್ಲಿ ಯಾರದೂ ಸೋಲೋ ಇಲ್ಲ. ಕೆಳಗೆ ಟೋನಿ ವಿಲಿಯಮ್ಸ್ ಪ್ರತಿ ಸುತ್ತಿಗೂ ಬೇರೆ ಬಾರಿಸ್ತಾನೆ. ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ಜಾಝ್ ಅಲ್ಲ, ಶ್ರಾವಣದ ಭಜನಿ. ಅಲ್ಲೂ ಒಂದೇ ಸಾಲು ಇಪ್ಪತ್ತು ಸಲ ಬರುತ್ತೆ, ಬದಲಾಗೋದು ಕೆಳಗಿನ ತಾಳ, ತಬಲಾ. ಸಾಲು ಹಳಸದೇ ಇರೋದು ಅವರಿಂದ.

ಟೋನಿ ಬಾರಿಸಿದ ಆ 22 ಇಂಚಿನ ಹಳೇ ಕೆ ಝಿಲ್ಜಿಯನ್ ರೈಡ್ ದಂತಕಥೆ ಆಗಿಹೋಗಿದೆ. ಅದೇ ದನಿ ಕೊಡ್ತೀವಿ ಅನ್ನುವ ಪ್ರತಿರೂಪಗಳು ಇವತ್ತಿಗೂ ಮಾರಾಟಕ್ಕಿವೆ. ಆದರೆ ಟೋನಿಯೇ ಮುಂದೆ ದೊಡ್ಡ ಹಳದಿ ಡ್ರಮ್ಮು, ದಪ್ಪ ಸ್ಟಿಕ್ಕು ಹಿಡಿದ ಮೇಲೆ ಅವನ ದನಿಯೇ ಬದಲಾಯಿತು. ಅಂದರೆ ಆ "ನೆಫರ್‌ಟಿಟಿ ದನಿ" ತಟ್ಟೆಯೊಳಗೆ ಮಾತ್ರ ಇರಲಿಲ್ಲ. 21 ವರ್ಷದ ಒಬ್ಬ ಹುಡುಗನ ಬೆರಳಲ್ಲಿ, ಪಕ್ಕದಲ್ಲಿ ಊದುತ್ತಿದ್ದವರ ಉಸಿರಲ್ಲಿ ಇತ್ತು. ನಾವು ಕೊಳ್ಳೋಕೆ ಹೊರಟಿರೋದು ಅದರ ಮೂರನೇ ಒಂದು ಪಾಲನ್ನ.

ಇಷ್ಟು ಹೇಳಿದ್ದಕ್ಕೆ ನಾನು ನಿಯಮದವರ ಕಡೆ ಅಂದುಕೊಳ್ಳಬೇಡಿ. "ರಾಕ್‌ಗೆ ಭಾರದ್ದು, ಜಾಝ್‌ಗೆ ತೆಳುವಾದ್ದು, ಇಷ್ಟು ಇಂಚು, ಇಷ್ಟು ಗ್ರಾಂ" ಅಂತ ಪಟ್ಟಿ ಹಿಡಿದು ಬರುವವರನ್ನ ಕಂಡರೆ ನನಗೆ ಕೋಡಿಂಗ್ ಸ್ಟ್ಯಾಂಡರ್ಡ್ ಬಗ್ಗೆ ಜಗಳಾಡುವ ರಿವ್ಯೂವರ್‌ಗಳ ನೆನಪಾಗುತ್ತೆ. ಸ್ವಂತ ಇಷ್ಟ ಅನ್ನೋದು ಇದೆ, ಇರಲೇಬೇಕು. ತ್ರಿಲೋಕ್ ಗುರ್ಟು ಬಾರಿಸಿದ ಸಿಂಬಲ್ಲನ್ನ ನೀರು ತುಂಬಿದ ಬಕೆಟ್ಟಿಗೆ ಅದ್ದುತ್ತಾರೆ, ದನಿ ಬಾಗಿ ಇಳಿಯುತ್ತೆ. ಯಾವ ಪಟ್ಟಿಯಲ್ಲೂ ಅದಿಲ್ಲ. ರೋಲಿಂಗ್ ಸ್ಟೋನ್ಸ್‌ನ ಚಾರ್ಲಿ ವಾಟ್ಸ್ ಸ್ನೇರ್ ಹೊಡೆಯುವಾಗಲೆಲ್ಲ ಹೈ-ಹ್ಯಾಟಿನಿಂದ ಕೈ ಎತ್ತಿಬಿಡ್ತಿದ್ದ. ಒಂದು ಏಟು ಬಿಡೋದು, ಅಷ್ಟೇ. ಆ ಬಿಟ್ಟ ಜಾಗದಿಂದ ಸ್ನೇರ್ ಬಿಡಿಯಾಗಿ ಕೇಳ್ತಿತ್ತು, ಇಡೀ ಬ್ಯಾಂಡಿಗೆ ಒಂದು ನಡಿಗೆ ಬರ್ತಿತ್ತು. ಇವರಿಬ್ಬರ ಇಷ್ಟ ಅಂಗಡಿಯಲ್ಲಿ ಸಿಕ್ಕಿದ್ದಲ್ಲ. ಇದ್ದದ್ದನ್ನ ಬಾರಿಸ್ತಾ ಬಾರಿಸ್ತಾ, ಪಕ್ಕದವರನ್ನ ಕೇಳ್ತಾ ಕೇಳ್ತಾ ದುಡಿದುಕೊಂಡದ್ದು.

ಇದೇ ಕಣ್ಣಲ್ಲಿ ನಮ್ಮ ಕನ್ನಡದ ಫ್ಯೂಶನ್ ನೋಡಿದರೆ ನನಗೊಂದು ಕಿರಿಕಿರಿ ಇದೆ. ಸಿ. ಅಶ್ವತ್ಥ್ ಅವರ ದನಿಯಲ್ಲಿ ಶರೀಫರು ಮನೆಮನೆಗೆ ಬಂದರು. ರಘು ದೀಕ್ಷಿತ್ ಅವರ 2008ರ ಆಲ್ಬಮ್ಮಿನಿಂದ ಕನ್ನಡ ಬಾರದವರೂ ತತ್ವಪದಕ್ಕೆ ಕುಣಿಯುವಂತಾಯಿತು. ಇದು ಸಣ್ಣ ಕೆಲಸ ಅಲ್ಲ. ಆದರೆ ಅವರನ್ನ ನೋಡಿ ಹೊರಟ ನಮ್ಮಂಥ ವಾರಾಂತ್ಯದ ಬ್ಯಾಂಡುಗಳು ಏನು ಮಾಡ್ತೀವಿ? ಜನಪದದ ರಾಗ ತಗೋತೀವಿ, ಮಾತು ತಗೋತೀವಿ, ತಾಳವನ್ನ ಮಾತ್ರ ಊರಲ್ಲೇ ಬಿಟ್ಟು ಬರ್ತೀವಿ. ಭಜನಿಯ ತಾಳ ಇದ್ದ ಜಾಗಕ್ಕೆ ಕ್ರ್ಯಾಶ್ ಕೂರಿಸ್ತೀವಿ. ಎರಡೂ ಕಂಚೇ, ಆದರೆ ಹೇಳುವ ಮಾತು ಬೇರೆ. ತಾಳ ಹೇಳೋದು "ಎಲ್ಲರೂ ಇದ್ದೀವಿ, ನೀ ಹಾಡು" ಅಂತ. ಕ್ರ್ಯಾಶ್ ಹೇಳೋದು "ಈಗ ನನ್ನ ನೋಡು" ಅಂತ. ಗೀಗೀ ಪದದಲ್ಲಿ ದಪ್ಪು, ತುಂತುಣಿ, ತಾಳ ಸೇರಿ ಅಷ್ಟು ಗದ್ದಲ ಮಾಡಿದರೂ ಒಂದು ಮಾತು ಕಳೆದುಹೋಗಲ್ಲ. ಯಾಕಂದ್ರೆ ಸವಾಲು-ಜವಾಬು ಕೇಳಿಸದಿದ್ದರೆ ಗೆದ್ದವರು ಯಾರು ಅಂತ ಗೊತ್ತಾಗಲ್ಲ. ಆ ಶಿಸ್ತನ್ನ ನಾವು ತರಲಿಲ್ಲ. ತಂದದ್ದು ಪೇಟ ಮತ್ತು ಧೋತ್ರ.

ಆ ಕ್ರ್ಯಾಶ್ ನಾನು ಮಾರಲಿಲ್ಲ. ಅದರ ತಪ್ಪೇನೂ ಇರಲಿಲ್ಲ. ಮೊದಲು ಸ್ಟ್ಯಾಂಡಿನ ಮೇಲೆ ಬಿಗಿದಿದ್ದ ನಟ್ಟು ಸಡಿಲ ಮಾಡಿದೆ. ಬಿಗಿದು ಕೂರಿಸಿದ ಸಿಂಬಲ್ ತೂಗಾಡಲ್ಲ, ದನಿ ಕತ್ತು ಹಿಸುಕಿದ ಹಾಗೆ ಬರುತ್ತೆ, ಬೇಗ ಸೀಳು ಬಿಡುತ್ತೆ. ಆಮೇಲೆ ತೆಳು ಸ್ಟಿಕ್ ತಗೊಂಡೆ. ಪಲ್ಲವಿಯ ಮೊದಲ ಅಕ್ಷರದ ಮೇಲೆ ಹೊಡೆಯೋದು ಬಿಟ್ಟು ಸಾಲು ಮುಗಿದ ಮೇಲೆ ಹೊಡೆಯೋಕೆ ಶುರು ಮಾಡಿದೆ. ಮುಂದಿನ ದುಡ್ಡು ಬಂದಾಗ ಹಳೇದೊಂದು 14 ಇಂಚಿನ ಹೈ-ಹ್ಯಾಟ್ ಜೋಡಿ ಸೆಕೆಂಡ್ ಹ್ಯಾಂಡ್ ಕೊಂಡೆ. ಕಪ್ಪಿಟ್ಟಿದೆ, ಲೋಗೋ ಅಳಿಸಿಹೋಗಿದೆ, ಫೋಟೋಗೆ ಬರಲ್ಲ. ಕೊಳ್ಳುವಾಗ ಒಂಟಿಯಾಗಿ ಹೋಗಲಿಲ್ಲ. ಹಾಡುವ ಆ ಹುಡುಗಿಗೆ ಫೋನ್ ಮಾಡಿ, "ನಿನ್ನ ರಿಲೀಸ್ ಮುಗಿದಿದ್ರೆ ಒಂದು ಅರ್ಧ ಗಂಟೆ ಬಾ, ಸಾರಿ ಹೇಳೋದೂ ಇದೆ" ಅಂದೆ. ಬಂದಳು. ನಾನು ಬಾರಿಸಿದೆ, ಅವಳು ಪಕ್ಕದಲ್ಲಿ ನಿಂತು ಮೆಲ್ಲಗೆ ಹಾಡಿದಳು. ಮೂರು ಜೋಡಿಯಲ್ಲಿ ನನಗೆ ಇಷ್ಟವಾದದ್ದು ಎರಡನೆಯದು. ಅವಳ ಮಾತು ಕೇಳಿಸಿದ್ದು ಮೂರನೆಯದರಲ್ಲಿ. ಮೂರನೆಯದನ್ನ ತಂದೆವು. ಆರು ತಿಂಗಳು ಬಾರಿಸಿದ ಮೇಲೆ ಈಗ ನನಗೂ ಅದೇ ಇಷ್ಟ.

ಸಿಂಬಲ್ ಕೊಳ್ಳುವವರಿಗೆ ನನ್ನದೂ ಒಂದು ಸಲಹೆ ಅಂದರೆ ಇಷ್ಟೇ. ಗಾಜಿನ ಕೋಣೆಗೆ ಒಬ್ಬರೇ ಹೋಗಬೇಡಿ. ಹಾಡುವವರು ಯಾರೂ ಸಿಗದಿದ್ದರೆ ಗೆಳೆಯನೊಬ್ಬನನ್ನ ಪಕ್ಕದಲ್ಲಿ ನಿಲ್ಲಿಸಿ ಪೇಪರ್ ಓದಿಸಿ. ನೀವು ಬಾರಿಸುವಾಗ ಸುದ್ದಿ ಏನು ಅಂತ ತಿಳಿದರೆ ಆ ತಟ್ಟೆ ಬ್ಯಾಂಡಿಗೆ ಆಗುತ್ತೆ.

ಹೊಸ ರೆಕಾರ್ಡಿಂಗ್ ದೊಡ್ಡಪ್ಪನಿಗೂ ಕಳಿಸಿದೆ. ಈ ಸಲ ಬೆಳಿಗ್ಗೆವರೆಗೆ ಕಾಯಲಿಲ್ಲ, ನಾನೇ ಫೋನ್ ಮಾಡಿದೆ.

"ಈಗ ಹೆಂಗೈತಿ, ದೊಡ್ಡಪ್ಪ?"

"ಹಾಂ, ಈಗ ಪದ ತಿಳಿತೈತಿ. ಹುಡುಗಿ ಚಲೋ ಹಾಡತಾಳ." ಒಂದು ಗಳಿಗೆ ಸುಮ್ಮನಿದ್ದು ಸೇರಿಸಿದರು: "ಆದರ ತಮ್ಮಾ, ನಿಮ್ಮ ಪೇಟಿಯಾಂವಗ ಸ್ವಲ್ಪ ಹೇಳು. ಆಕಿ ಬಾಯಿ ನೋಡಂತ ಹೇಳು."

ನಮ್ಮ ಕೀಬೋರ್ಡಿನವನಿಗೆ ಇನ್ನೂ ಹೇಳಿಲ್ಲ. ಅವನು ನನ್ನ ಮ್ಯಾನೇಜರ್.